ಟೈಮಿಂಗ್ ಸರಿಯಾಗಿಯೇ ತೋರಿಸುತ್ತಿದೆ, ಆದರೂ ಪಿಕಪ್ ಇಲ್ಲ: 1990ರ ಮಾಜ್ದಾ ಮಿಯಾಟಾ 1.6

ಕೆಂಪುಮಿಯಾಟಾ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು, ಈಗ ಅಮೆರಿಕದ ಉತ್ತರ ಕೆರೊಲಿನಾದ ರಾಲಿಯಲ್ಲಿ ನೆಲೆಸಿದ್ದೇನೆ. ಮೂರು ವರ್ಷಗಳ ಹಿಂದೆ 1990ರ ಮಾಡೆಲ್ಲಿನ ಮಾಜ್ದಾ ಮಿಯಾಟಾ ಕಾರು ಕೊಂಡೆ. 1.6 ಲೀಟರ್ ಎಂಜಿನ್, ಐದು ಗೇರು, ಈವರೆಗೆ ಓಡಿರುವುದು 1,32,000 ಮೈಲಿ. ಆಯಿಲ್, ಬ್ರೇಕ್ ಪ್ಯಾಡು, ಕ್ಲಚ್ಚಿನ ಸ್ಲೇವ್ ಸಿಲಿಂಡರು ಇವೆಲ್ಲವನ್ನೂ ಮನೆಯ ಗ್ಯಾರೇಜಿನಲ್ಲಿ ನಾನೇ ಮಾಡಿಕೊಂಡು ಬಂದಿದ್ದೇನೆ. ಟೈಮಿಂಗ್ ಬೆಲ್ಟ್ ಬದಲಾವಣೆಯನ್ನು ಮಾತ್ರ 8,000 ಮೈಲಿಗಳ ಹಿಂದೆ ಊರಿನ ಒಂದು ಗ್ಯಾರೇಜಿಗೆ ಕೊಟ್ಟಿದ್ದೆ.

ಎರಡು ತಿಂಗಳಿಂದ ಗಾಡಿಯ ಪಿಕಪ್ ಸ್ವಲ್ಪಸ್ವಲ್ಪವಾಗಿ ಇಳಿಯುತ್ತಿದೆ. ಮೊದಲು ಮೂರನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ಏರಿನಲ್ಲಿ ಈಗ ಎರಡನೆಯದಕ್ಕೆ ಇಳಿಸಬೇಕಾಗಿದೆ. ಮಿಸ್ ಹೊಡೆಯುವುದಿಲ್ಲ, ಹೊಗೆಯಿಲ್ಲ, ಎಚ್ಚರಿಕೆಯ ದೀಪವೂ ಉರಿದಿಲ್ಲ. ಐಡಲ್ 850ರಲ್ಲಿ ನಿಲ್ಲುತ್ತದೆ, ಆದರೆ ಸಣ್ಣದೊಂದು ನಡುಕವಿದೆ. ಸ್ಪಾರ್ಕ್ ಪ್ಲಗ್, ಪ್ಲಗ್ ವೈರು, ಫ್ಯೂಯೆಲ್ ಫಿಲ್ಟರ್, ಏರ್ ಫಿಲ್ಟರ್ ನಾಲ್ಕನ್ನೂ ಬದಲಾಯಿಸಿದ್ದಾಯಿತು. ಕಂಪ್ರೆಶನ್ ನಾಲ್ಕೂ ಸಿಲಿಂಡರಿನಲ್ಲಿ ಒಂದೇ ಸಮನಾಗಿದೆ. ಡಯಾಗ್ನೋಸ್ಟಿಕ್ ಪೆಟ್ಟಿಗೆಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಪಿನ್ನುಗಳಿಗೆ ತಂತಿ ಸೇರಿಸಿ ಸ್ಪಾರ್ಕ್ ಬೀಳುವ ಹೊತ್ತನ್ನು ತೋರಿಸುವ ಟೈಮಿಂಗ್ ಲೈಟ್ ಹಿಡಿದರೆ ಪುಸ್ತಕದಲ್ಲಿ ಹೇಳಿದ ಹಾಗೆಯೇ 10 ಡಿಗ್ರಿ ತೋರಿಸುತ್ತದೆ. ಇನ್ನು ಫ್ಯೂಯೆಲ್ ಪಂಪ್ ಬದಲಾಯಿಸುವುದೊಂದೇ ಉಳಿದಿದೆ ಎಂದುಕೊಂಡಿದ್ದೇನೆ. ಅದಕ್ಕೆ ಹಣ ಹಾಕುವ ಮೊದಲು ತಿಳಿದವರು ಒಂದು ಮಾತು ಹೇಳಿದರೆ ಉಪಕಾರವಾಗುತ್ತದೆ.

ತೆರೆದಮೇಲ್ಛಾವಣಿ:

1.6 ಎಂಜಿನ್ನಿನಲ್ಲಿ ಗಾಳಿಯನ್ನು ಅಳೆಯುವುದು ರೆಕ್ಕೆಯಿರುವ ಏರ್ ಫ್ಲೋ ಮೀಟರು. ಆ ರೆಕ್ಕೆ ಎಲ್ಲಾದರೂ ಹಿಡಿದುಕೊಂಡರೆ ಗಾಡಿ ಹೀಗೆಯೇ ಮಂಕಾಗುತ್ತದೆ. ಏರ್ ಫಿಲ್ಟರ್ ಕಡೆಯಿಂದ ಬೆರಳು ಹಾಕಿ ಮೆಲ್ಲಗೆ ತಳ್ಳಿ ನೋಡಿ, ಎಲ್ಲಿಯೂ ತಡೆಯದೆ ಹೋಗಿ ತಾನಾಗಿ ಹಿಂದಕ್ಕೆ ಬರಬೇಕು. ಅದು ಸರಿಯಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರುವ ಸಾಧ್ಯತೆಯಿದೆ. ಈ ಎರಡನ್ನೂ ನೋಡದೆ ಪಂಪಿಗೆ ಕೈ ಹಾಕಬೇಡಿ.

ಪೀಣ್ಯಲೇತ್:

ಸರ್, ಪಂಪ್ ಸದ್ಯಕ್ಕೆ ಬೇಡ. ನಿಮ್ಮ ಬರಹದಲ್ಲಿ ನನ್ನ ಕಣ್ಣು ನಿಂತದ್ದು ಎರಡು ಕಡೆ: ಗಾಡಿ 1990ರದ್ದು ಮತ್ತು ಟೈಮಿಂಗ್ ಬೆಲ್ಟ್ ಇತ್ತೀಚೆಗೆ ಬೇರೆಯವರ ಕೈಯಲ್ಲಿ ಬದಲಾಗಿದೆ. ನಾನು ಬೆಂಗಳೂರಿನ ಪೀಣ್ಯದಲ್ಲಿ ಹದಿನಾಲ್ಕು ವರ್ಷ ಲೇತ್ ಮತ್ತು ಮಿಲ್ಲಿಂಗ್ ಕೆಲಸ ಮಾಡಿದವನು, ಈಗ ಕೆನಡಾದ ವಿಂಡ್ಸರಿನಲ್ಲಿದ್ದೇನೆ, ನನ್ನಲ್ಲಿಯೂ ಇದೇ ಎಂಜಿನ್ನಿನ ಗಾಡಿಯಿದೆ. ಶಾಫ್ಟು, ಪುಲ್ಲಿ, ಅವೆರಡರ ನಡುವೆ ಕೂರುವ ಕೀ ಎಂಬ ಸಣ್ಣ ಉಕ್ಕಿನ ತುಂಡು ಇವುಗಳ ನಡುವೆ ಕೂದಲೆಳೆಯಷ್ಟು ಪ್ಲೇ ಬಂದರೆ ಅದು ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಮೊದಲು ಇಷ್ಟು ನೋಡಿ ತಿಳಿಸಿ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ಮುಂತುದಿಯಲ್ಲಿರುವ ಕ್ರ್ಯಾಂಕ್ ಪುಲ್ಲಿಯ ನಡುಭಾಗದಲ್ಲಿ ಸುತ್ತಲೂ ಇರುವ ಸೀಳುಗಳು ನಾಲ್ಕೋ ಎಂಟೋ? ಎಂಜಿನ್ ಐಡಲ್‌ನಲ್ಲಿರುವಾಗ ಪುಲ್ಲಿಯ ಅಂಚನ್ನು ಬದಿಯಿಂದ ದಿಟ್ಟಿಸಿದರೆ ಅದು ನೇರವಾಗಿ ತಿರುಗುತ್ತದೆಯೋ, ಬಳುಕುತ್ತದೆಯೋ? ನಡುವಿನ ದೊಡ್ಡ ಬೋಲ್ಟಿನ ಸುತ್ತ ತುಕ್ಕು ಬಣ್ಣದ ಪುಡಿ ಕೂತಿದೆಯೋ?

ಕೆಂಪುಮಿಯಾಟಾ:

ಏರ್ ಫ್ಲೋ ಮೀಟರಿನ ರೆಕ್ಕೆ ಸರಾಗವಾಗಿ ಆಡುತ್ತದೆ. ಪುಲ್ಲಿಯಲ್ಲಿ ಸೀಳುಗಳು ನಾಲ್ಕು. ಬಳುಕು ಇದೆ; ಬದಿಗೊಂದು ಸ್ಕ್ರೂಡ್ರೈವರನ್ನು ಆಧಾರವಾಗಿ ಹಿಡಿದು ನೋಡಿದಾಗಲೇ ಅದು ಗೊತ್ತಾದದ್ದು, ಬರಿಗಣ್ಣಿಗೆ ಅನುಮಾನವಷ್ಟೇ ಬರುತ್ತಿತ್ತು. ಬೋಲ್ಟಿನ ವಾಷರಿನ ಅಂಚಿನಲ್ಲಿ ಒಣ ಕುಂಕುಮದಂತೆ ನುಣ್ಣಗಿನ ಕೆಂಗಂದು ಪುಡಿ ಇತ್ತು, ಬೆರಳಿಗೆ ಹತ್ತಿತು. ಆದರೆ ನನಗೆ ಅರ್ಥವಾಗದ ವಿಷಯವೆಂದರೆ, ಪುಲ್ಲಿಯೇ ಅಲ್ಲಾಡುತ್ತಿದ್ದರೆ ಟೈಮಿಂಗ್ ಲೈಟ್ 10 ಡಿಗ್ರಿಯನ್ನು ಸರಿಯಾಗಿ ತೋರಿಸುವುದು ಹೇಗೆ?

ಪೀಣ್ಯಲೇತ್:

ಎಲ್ಲರನ್ನೂ ದಾರಿ ತಪ್ಪಿಸುವುದು ಇದೇ ಜಾಗ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಿಯಾಟಾ ಮೊದಲು ಹೊರಬಂದದ್ದು 1989ರಲ್ಲಿ. ಅಂದಿನಿಂದ 1991ರ ನಡುಭಾಗದವರೆಗಿನ 1.6 ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ಮುಂತುದಿ, ಅಂದರೆ ಮೂಗು, ಗಿಡ್ಡದು. ಪುಲ್ಲಿಯಲ್ಲಿ ನಾಲ್ಕು ಸೀಳಿದ್ದರೆ ಗಿಡ್ಡ ಮೂಗು, ಎಂಟಿದ್ದರೆ ಆಮೇಲೆ ತಿದ್ದಿದ ಉದ್ದ ಮೂಗು. ಗಿಡ್ಡ ಮೂಗಿನ ಬೋಲ್ಟಿಗೆ ಹೇಳಿರುವ ಬಿಗಿತ 108ರಿಂದ 118 ನ್ಯೂಟನ್ ಮೀಟರ್, ಉದ್ದ ಮೂಗಿಗೆ 157ರಿಂದ 167. ಬೆಲ್ಟನ್ನು ತಿರುಗಿಸುವ ಟೈಮಿಂಗ್ ಗಿಯರನ್ನು ಮತ್ತು ಪುಲ್ಲಿ ಕೂರುವ ನಡುತುಂಡಾದ ಬಾಸನ್ನು ಶಾಫ್ಟಿನ ಮೇಲೆ ನಿಜವಾಗಿ ಹಿಡಿದಿಡುವುದು ಈ ಬೋಲ್ಟಿನ ಅಮುಕು, ಕೀ ಅಲ್ಲ. ಕೀ ಇರುವುದು ಜಾಗ ತಪ್ಪದಿರಲಿ ಎಂದು ಮಾತ್ರ. ಬೆಲ್ಟ್ ಬದಲಾಯಿಸುವಾಗ ಬೋಲ್ಟನ್ನು ಬಿಚ್ಚಿ, ಟಾರ್ಕ್ ರೆಂಚ್ ಇಲ್ಲದೆ ಅಂದಾಜಿನಲ್ಲಿ ಬಿಗಿದರೆ ಅಥವಾ ಬಾಸಿನ ಮುಖದಲ್ಲಿ ಕೊಳೆ ಉಳಿದಿದ್ದರೆ ಆ ಅಮುಕು ಸಾಲದೆ ಹೋಗುತ್ತದೆ, ಆಗ ಪ್ರತಿ ಸಿಲಿಂಡರಿನ ಹೊಡೆತವೂ ಕೀಯ ಮೇಲೆ ಬೀಳುತ್ತದೆ. ಕೀ ಸವೆಯುತ್ತದೆ, ಗಿಯರಿನ ಸೀಳು ಅಗಲವಾಗುತ್ತದೆ, ಕೊನೆಗೆ ಶಾಫ್ಟಿನಲ್ಲಿ ಕೀ ಕೂರುವ ತೋಡು, ಅಂದರೆ ಕೀವೇಯೇ ಬಾಯಿ ಬಿಡುತ್ತದೆ. ನೀವು ಕಂಡ ಕೆಂಗಂದು ಪುಡಿ ಹೀಗೆ ಉಜ್ಜಿ ಉಜ್ಜಿ ಬಂದ ಉಕ್ಕಿನದೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸ್ಪಾರ್ಕ್ ಯಾವಾಗ ಬೀಳಬೇಕೆಂದು ಹೇಳುವ ಕ್ಯಾಮ್ ಆಂಗಲ್ ಸೆನ್ಸರ್ ತಿರುಗುವುದು ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟಿನಿಂದ. ಕ್ಯಾಮ್ ಶಾಫ್ಟ್ ತಿರುಗುವುದು ಬೆಲ್ಟಿನಿಂದ. ಬೆಲ್ಟ್ ತಿರುಗುವುದು ಕ್ರ್ಯಾಂಕಿನ ಟೈಮಿಂಗ್ ಗಿಯರಿನಿಂದ. ಆ ಗಿಯರಿಗೆ ಒತ್ತಿಕೊಂಡೇ ಪುಲ್ಲಿ ಕೂತಿದೆ. ಗಿಯರ್ ಶಾಫ್ಟಿನ ಮೇಲೆ ನಾಲ್ಕು ಡಿಗ್ರಿ ಹಿಂದಕ್ಕೆ ಜಾರಿದರೆ ಪುಲ್ಲಿಯೂ, ಅದರ ಮೇಲಿನ ಗುರುತೂ, ಸೆನ್ಸರೂ ಒಟ್ಟಿಗೆ ಅಷ್ಟೇ ಹಿಂದಕ್ಕೆ ಜಾರುತ್ತವೆ. ಟೈಮಿಂಗ್ ಲೈಟ್ ಹೋಲಿಸುವುದು ಸೆನ್ಸರನ್ನೂ ಗುರುತನ್ನೂ ಮಾತ್ರ; ಪಿಸ್ಟನ್ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಅದು 10 ಎನ್ನುತ್ತದೆ, ಒಳಗೆ ಇರುವುದು 6. ಸ್ಪಾರ್ಕ್ ಮಾತ್ರವಲ್ಲ, ವಾಲ್ವುಗಳು ತೆರೆದು ಮುಚ್ಚುವುದೂ ತಡವಾಗಿರುತ್ತದೆ. ಸೆನ್ಸರನ್ನು ತಿರುಗಿಸಿ ಸ್ಪಾರ್ಕನ್ನು ಮುಂದಕ್ಕೆ ತಂದರೂ ವಾಲ್ವಿನ ತಡ ಹಾಗೆಯೇ ಉಳಿಯುತ್ತದೆ, ಮೇಲಾಗಿ ರೋಗ ಮರೆಯಾಗಿ ಶಾಫ್ಟ್ ಹಾಳಾಗಲು ಇನ್ನಷ್ಟು ಕಾಲ ಸಿಗುತ್ತದೆ.

ಆದ್ದರಿಂದ ಪಿಸ್ಟನ್ನನ್ನೇ ಕೇಳಬೇಕು. ಡಿಕ್ಕಿಯಲ್ಲಿರುವ ಬ್ಯಾಟರಿಯ ನೆಗೆಟಿವ್ ಕಳಚಿ, ನಾಲ್ಕೂ ಪ್ಲಗ್ ಬಿಚ್ಚಿ, ಮೊದಲ ಸಿಲಿಂಡರಿನೊಳಗೆ ಉದ್ದನೆಯ ತೆಳು ಮರದ ಕಡ್ಡಿಯೊಂದನ್ನು ಇಳಿಬಿಡಿ. 21ರ ಸಾಕೆಟ್ಟಿನಿಂದ ಕ್ರ್ಯಾಂಕನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಮಾತ್ರ ತಿರುಗಿಸಿ. ಪಿಸ್ಟನ್ ತೀರ ಮೇಲಿರುವಾಗ ಕಡ್ಡಿ ಹಲವು ಡಿಗ್ರಿಗಳವರೆಗೆ ಅಲ್ಲಾಡದೆ ನಿಂತಂತೆ ಕಾಣುವುದರಿಂದ ಅಲ್ಲಿ ಅಳೆಯಬಾರದು. ಪಿಸ್ಟನ್ ಮೇಲೇರುವಾಗ, ತುದಿಗೆ ಇನ್ನೂ 20 ಮಿಲಿಮೀಟರ್ ಇದೆ ಎನ್ನುವಲ್ಲಿ ನಿಲ್ಲಿಸಿ, ಕವರಿನ ಮೇಲಿನ ಟಿ ಅಕ್ಷರದ ಎದುರಿಗೆ ಪುಲ್ಲಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ತುದಿ ದಾಟಿ ಮತ್ತೆ ಅದೇ 20 ಮಿಲಿಮೀಟರ್ ಇಳಿದಾಗ ಇನ್ನೊಂದು ಗೆರೆ. ಎರಡು ಗೆರೆಗಳ ನಟ್ಟನಡುವೆ ಇರುವುದೇ ನಿಜವಾದ ಟಾಪ್. ಕಾರ್ಖಾನೆಯ ಗುರುತು ಅಲ್ಲಿಯೇ ಇರಬೇಕು. ಇಲ್ಲದಿದ್ದರೆ ದಾರದಿಂದ ಪುಲ್ಲಿಯ ಸುತ್ತಳತೆ ತೆಗೆದು 360ರಿಂದ ಭಾಗಿಸಿ. ಒಂದು ಡಿಗ್ರಿಗೆ ಎಷ್ಟು ಮಿಲಿಮೀಟರ್ ಎಂಬುದು ಸಿಗುತ್ತದೆ.

ಕೆಂಪುಮಿಯಾಟಾ:

ನಿನ್ನೆ ಸಂಜೆ ಮೂರು ಸಲ ಅಳೆದೆ. ಮೂರು ಸಲವೂ ಗುರುತು ಸುಮಾರು 4 ಡಿಗ್ರಿ ಹಿಂದಿದೆ. ಶನಿವಾರ ರೇಡಿಯೇಟರ್, ಬೆಲ್ಟುಗಳು, ಕವರುಗಳು ಎಲ್ಲವನ್ನೂ ಇಳಿಸಿದೆ. ದೊಡ್ಡ ಬೋಲ್ಟನ್ನು ಬಿಚ್ಚಲು ಗಾಡಿಯನ್ನು ಐದನೇ ಗೇರಿಗೆ ಹಾಕಿ ನನ್ನ ಹೆಂಡತಿಯನ್ನು ಬ್ರೇಕ್ ಮೇಲೆ ಕೂರಿಸಿದ್ದೆ, ಆದರೆ ಅಷ್ಟು ಸಿದ್ಧತೆ ಬೇಕೇ ಇರಲಿಲ್ಲ, ಸಾಧಾರಣ ಕೈಬಲಕ್ಕೇ ಬೋಲ್ಟ್ ಬಂದುಬಿಟ್ಟಿತು. ಕೀಯ ಒಂದು ಮಗ್ಗುಲಲ್ಲಿ ಮೆಟ್ಟಿಲಿನಂತೆ ಕಚ್ಚು ಬಿದ್ದಿದೆ. ಗಿಯರಿನ ಸೀಳಿನ ಅಂಚು ಮಡಚಿಕೊಂಡಿದೆ. ಹೊಸ ಕೀ ತಂದು ಶಾಫ್ಟಿನ ಕೀವೇಯಲ್ಲಿ ಕೂರಿಸಿ ಫೀಲರ್ ಗೇಜ್ ಹಾಕಿದರೆ ಒಂದು ಬದಿಯಲ್ಲಿ 0.4 ಮಿಲಿಮೀಟರ್ ಸಂದು, ಇನ್ನೊಂದು ಬದಿ ಹೆಚ್ಚುಕಡಿಮೆ ಹೊಸದರಂತಿದೆ. ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಗಾಡಿಯನ್ನು ಗುಜರಿಗೆ ಹಾಕುವ ಮಾತು ಮಾತ್ರ ಹೇಳಬೇಡಿ.

ತೆರೆದಮೇಲ್ಛಾವಣಿ:

ಪೀಣ್ಯದವರ ರೋಗನಿರ್ಣಯ ಸರಿಯಾಗಿದೆ, ನನ್ನ ಊಹೆ ತಪ್ಪಾಗಿತ್ತು. ಆದರೆ ಕೆಲವರು ಮಾಡುವ ಹಾಗೆ ಕೀವೇ ಹೋದ ಕ್ರ್ಯಾಂಕಿಗೆ ಅಂಟು ಹಾಕಿ ಓಡಿಸುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಉದ್ದ ಮೂಗಿನ ಎಂಜಿನ್ನೊಂದನ್ನು ಹುಡುಕಿ ಹಾಕಿಸುವುದೇ ಶಾಶ್ವತವಾದ ದಾರಿ.

ಪೀಣ್ಯಲೇತ್:

ಎಂಜಿನ್ ಬದಲಾವಣೆ ಶಾಶ್ವತ ಪರಿಹಾರವೆಂಬುದನ್ನು ನಾನೂ ಒಪ್ಪುತ್ತೇನೆ, ಸಂದು ಒಂದು ಮಿಲಿಮೀಟರ್ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಹಾಗಿಲ್ಲ. ಒಟ್ಟು ಜಾರಿದ 4 ಡಿಗ್ರಿಯಲ್ಲಿ ಹಳೆಯ ಕೀಯ ಕಚ್ಚಿನ ಪಾಲು, ಗಿಯರಿನ ಸೀಳಿನ ಪಾಲು ಹೊಸ ಭಾಗಗಳ ಜೊತೆಗೇ ಹೋಗುತ್ತವೆ. ಶಾಫ್ಟಿನ ಪಾಲಿಗೆ ಉಳಿಯುವುದು 0.4 ಮಿಲಿಮೀಟರ್. ಸವೆದ ಶಾಫ್ಟುಗಳಿಗೆಂದೇ ತಯಾರಾಗುವ ಲಾಕ್‌ಟೈಟ್ 660 ಎಂಬ ಬೆಳ್ಳಿ ಬಣ್ಣದ ಪೇಸ್ಟ್ 0.5 ಮಿಲಿಮೀಟರ್ ವರೆಗಿನ ಸಂದನ್ನು ತುಂಬುತ್ತದೆ. ನೀವು ಆ ಮಿತಿಯ ಒಳಗಿದ್ದೀರಿ, ಆದರೆ ಅಂಚಿನಲ್ಲಿದ್ದೀರಿ, ಆದ್ದರಿಂದ ಒಂದು ಹಂತವನ್ನೂ ಅವಸರದಲ್ಲಿ ಮಾಡಬಾರದು.

ಹೊಸ ಕೀ, ಹೊಸ ಟೈಮಿಂಗ್ ಗಿಯರ್, ಹೊಸ ಬೋಲ್ಟ್ ಮೂರೂ ಬೇಕು. ಬಾಸನ್ನೂ ನೋಡಿ, ಅದರ ಸೀಳು ಅಗಲವಾಗಿದ್ದರೆ ಅದನ್ನೂ ಬದಲಾಯಿಸಿ. ಗಿಯರಿನ ಹಿಂದೆಯೇ ಕ್ರ್ಯಾಂಕಿನ ಮುಂಬದಿಯ ಆಯಿಲ್ ಸೀಲ್ ಇದೆ. ಎಣ್ಣೆ ಸೋಂಕಿದ ಮೇಲ್ಮೈಗೆ ಈ ಪೇಸ್ಟ್ ಕಚ್ಚುವುದಿಲ್ಲ, ಆದ್ದರಿಂದ ಸೀಲಿನಲ್ಲಿ ಜಿನುಗಿದ್ದರೆ ಮೊದಲು ಸೀಲ್, ಆಮೇಲೆ ಉಳಿದದ್ದು. ಶಾಫ್ಟಿನ ಮೂಗು, ಕೀವೇ, ಬೋಲ್ಟಿನ ತೂತಿನ ಥ್ರೆಡ್ಡು ಎಲ್ಲವನ್ನೂ ಬ್ರೇಕ್ ಕ್ಲೀನರಿನಿಂದ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಮತ್ತೆ ಮತ್ತೆ ಮಾಡಿ. ಕೀವೇಯ ಅಂಚಿನಲ್ಲಿ ಎದ್ದಿರುವ ಬರ್‌ಗಳನ್ನು ಸಣ್ಣ ಅರದಿಂದ ಸವರಿ ತೆಗೆಯಿರಿ, ಆದರೆ ಒಳಗೋಡೆಗಳಿಗೆ ಅರ ತಾಗಿಸಬೇಡಿ.

ಪೇಸ್ಟ್ ಹಾಕುವ ಮೊದಲು ಒಣದಾಗಿ ಒಮ್ಮೆ ಕೂರಿಸಿ ನೋಡುವುದು ಕಡ್ಡಾಯ. ಮುಂದಿನಿಂದ ನೋಡಿದಾಗ ಕ್ರ್ಯಾಂಕ್ ಬಲಕ್ಕೆ ತಿರುಗುತ್ತದೆ, ಗಿಯರ್ ಹಿಂದುಳಿದಿದೆ. ಹಾಗಾಗಿ ಸವೆದಿರುವುದು ಕೀಯನ್ನು ಹಿಂದಿನಿಂದ ತಳ್ಳುವ ಗೋಡೆ. ಕೀಯನ್ನು ಅದರ ಎದುರಿನ, ಸವೆಯದ ಗೋಡೆಗೆ ಒತ್ತಿ ನಿಲ್ಲಿಸಿದರೆ ಗಿಯರ್ ತನ್ನ ಹಳೆಯ ಜಾಗಕ್ಕೆ ಬರುತ್ತದೆ. ಸಂದು ಪೂರ್ತಿ ಒಂದೇ ಬದಿಯಲ್ಲಿ ಉಳಿಯಬೇಕು, ಪೇಸ್ಟ್ ಅಲ್ಲಿ ತುಂಬಬೇಕು. ಮೂಗಿನ ಮೇಲೆಯೂ ತೆಳುವಾಗಿ ಹಚ್ಚಿ, ಸೀಲಿನ ತುಟಿಗೆ ಮಾತ್ರ ತಾಗದಂತೆ ನೋಡಿಕೊಳ್ಳಿ. ಗಿಯರ್ ಮತ್ತು ಬಾಸನ್ನು ಕೂರಿಸಿ, ಹೊಸ ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ 115 ನ್ಯೂಟನ್ ಮೀಟರಿಗೆ ಬಿಗಿಯಿರಿ. ಇನ್ನಷ್ಟು ಭದ್ರವಾಗಲೆಂದು ಉದ್ದ ಮೂಗಿನ ಅಳತೆಗೆ ಬಿಗಿಯುವ ಆಸೆ ಬರುತ್ತದೆ, ಬೇಡ. ಅಲ್ಲಿಂದ 24 ಗಂಟೆ ಯಾರೂ ಅದನ್ನು ಮುಟ್ಟಬಾರದು. ಗ್ಯಾರೇಜ್ ತಣ್ಣಗಿದ್ದರೆ ಹತ್ತಿರದಲ್ಲೊಂದು ಬಲ್ಬ್ ಉರಿಸಿಡಿ, ಚಳಿಯಲ್ಲಿ ಇದು ಗಟ್ಟಿಯಾಗುವುದು ನಿಧಾನ.

ಬೆಲ್ಟ್ ಹಾಕುವಾಗ ಕ್ಯಾಮ್ ಗಿಯರುಗಳ ಐ ಮತ್ತು ಇ ಗುರುತುಗಳ ನಡುವೆ ಬೆಲ್ಟಿನ 19 ಹಲ್ಲು ಇರಬೇಕು; ಎಣಿಸಿ, ಇನ್ನೊಬ್ಬರ ಕೈಯಲ್ಲೂ ಎಣಿಸಿ. ಟೆನ್ಷನರ್ ಬಿಗಿದ ಮೇಲೆ ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಿ. ಈ ಎಂಜಿನ್ನಿನಲ್ಲಿ ಬೆಲ್ಟ್ ತಪ್ಪಿದರೂ ವಾಲ್ವು ಪಿಸ್ಟನ್ನಿಗೆ ಬಡಿಯುವುದಿಲ್ಲ ಎಂಬುದು ನಮ್ಮ ಪುಣ್ಯ, ಆದರೆ ಅದನ್ನು ನಂಬಿ ಈ ಪರೀಕ್ಷೆಯನ್ನು ಬಿಡಬೇಡಿ. ಕೊನೆಗೆ ಕಡ್ಡಿಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಗುರುತು ನಡುವಿಗೆ ಬಂದ ಮೇಲೆಯೇ ಟೈಮಿಂಗ್ ಲೈಟ್ ಹಿಡಿಯಿರಿ. ಬೋಲ್ಟಿನ ತಲೆಯಿಂದ ಬಾಸಿನ ಮೇಲೆ ಹಾದುಹೋಗುವಂತೆ ಬಿಳಿ ಪೇಂಟಿನ ಗೆರೆಯೊಂದನ್ನು ಎಳೆದಿಡಿ, ಬೋಲ್ಟ್ ಸಡಿಲವಾದರೆ ಅದೇ ಹೇಳುತ್ತದೆ.

ಕೆಂಪುಮಿಯಾಟಾ:

ಉತ್ತರ ಬರೆಯಲು ತಡವಾಯಿತು, ಕ್ಷಮಿಸಿ. ನಾಲ್ಕಾರು ವಾರ ಓಡಿಸಿ ನೋಡಿಯೇ ಬರೆಯಬೇಕೆಂದಿದ್ದೆ. ಸೀಲ್ ಜಿನುಗುತ್ತಿತ್ತು, ಅದನ್ನೂ ಬದಲಾಯಿಸಿದೆ. ಬಟ್ಟೆ ಬಿಳಿಯಾಗಿ ಉಳಿಯಲು ಏಳು ಸಲ ತೊಳೆಯಬೇಕಾಯಿತು. ಒಣದಾಗಿ ಕೂರಿಸಿದಾಗ ನಾನು ಕೀಯನ್ನು ತಪ್ಪು ಬದಿಗೆ ಒತ್ತಿದ್ದೆ, ಪೇಸ್ಟ್ ಹಾಕುವ ಮೊದಲೇ ಅದು ತಿಳಿದದ್ದು ನಿಮ್ಮ ಮಾತಿನಿಂದ. ಭಾನುವಾರ ಬೆಳಿಗ್ಗೆ ಬಿಗಿದದ್ದನ್ನು ಸೋಮವಾರ ರಾತ್ರಿಯವರೆಗೆ ಮುಟ್ಟಲಿಲ್ಲ.

ಕಡ್ಡಿಯ ಪರೀಕ್ಷೆಯಲ್ಲಿ ಗುರುತು ಈಗ ನಡುವಿನಲ್ಲಿಯೇ ಇದೆ. ಐಡಲ್‌ನ ನಡುಕ ಹೋಗಿದೆ, ಪುಲ್ಲಿ ನೇರವಾಗಿ ತಿರುಗುತ್ತದೆ, ಆ ಏರನ್ನು ಗಾಡಿ ಮೂರನೇ ಗೇರಿನಲ್ಲಿಯೇ ಹತ್ತುತ್ತಿದೆ. ಇಂದಿಗೆ 900 ಮೈಲಿ ಆಯಿತು. ಪ್ರತಿ ವಾರ ಟಾರ್ಚ್ ಹಾಕಿ ಬಿಳಿ ಗೆರೆಯನ್ನು ನೋಡುತ್ತೇನೆ, ಬೋಲ್ಟಿನಿಂದ ಬಾಸಿನವರೆಗೆ ಎಲ್ಲಿಯೂ ಮುರಿಯದೆ ಒಂದೇ ಗೆರೆಯಾಗಿದೆ. ಹಳೆಯ ಕೀಯನ್ನು ಎಸೆದಿಲ್ಲ. ಅದರ ಕಚ್ಚು ಸ್ಪಷ್ಟವಾಗಿ ಕಾಣುವಂತೆ ತೆಗೆದ ಎರಡು ಫೋಟೋಗಳನ್ನು ಇದರ ಕೆಳಗೆ ಹಾಕಿದ್ದೇನೆ, ನಾಲ್ಕು ಸೀಳಿನ ಪುಲ್ಲಿ ಇರುವವರು ತಮ್ಮದನ್ನು ಬಿಚ್ಚಿದಾಗ ಹೋಲಿಸಿ ನೋಡಬಹುದು.