1.4 ಟಿಎಸ್‌ಐ: ಹಳೇ ಚೈನ್ ಇಂಜಿನ್ನಾ, ಹೊಸ ಬೆಲ್ಟ್ ಇಂಜಿನ್ನಾ? ಗುರುತು ಹಿಡಿಯೋದು ಹೇಗೆ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಫೋಕ್ಸ್‌ವ್ಯಾಗನ್ ಜೆಟ್ಟಾ 1.4 ಟಿಎಸ್‌ಐ (ಟರ್ಬೊ ಪೆಟ್ರೋಲ್), ಒಂದು ಸ್ಕೋಡಾ ಆಕ್ಟೇವಿಯಾ 1.4 ಟಿಎಸ್‌ಐ ನೋಡಿಟ್ಟಿದ್ದೀನಿ. ಎರಡೂ 2014ರವು. "ಎರಡೂ ಒಂದೇ ಇಂಜಿನ್ ಸರ್" ಅಂತಾರೆ ಬ್ರೋಕರ್. ಇಂಜಿನ್ ವಾಲ್ವ್‌ಗಳನ್ನ ನಡೆಸೋ ಟೈಮಿಂಗ್‌ಗೆ ಒಂದರಲ್ಲಿ ಚೈನ್, ಇನ್ನೊಂದರಲ್ಲಿ ಬೆಲ್ಟ್ ಅಂತ ಗೆಳೆಯ ಹೇಳ್ತಾನೆ. ಗೊತ್ತಿದ್ದವರು ತಿಳಿಸಿ.

ಉತ್ತರ 1: ಗೆಳೆಯರ ಮಾತೇ ಸರಿ. ಬಾನೆಟ್ ಎತ್ತೋಕೂ ಮೊದಲು ಆರ್‌ಸಿ ನೋಡಿ. 1390 ಸಿಸಿ ಅಂತಿದ್ರೆ ಹಳೇ ಚೈನ್ ಇಂಜಿನ್, ಕಂಪನಿ ಹೆಸರು ಇಎ111. 1395 ಇದ್ರೆ ಹೊಸ ಬೆಲ್ಟ್ ಇಂಜಿನ್, ಇಎ211. ಐದೇ ಸಿಸಿ ವ್ಯತ್ಯಾಸ, ಆದ್ರೆ ಇಂಜಿನ್ನೇ ಬೇರೆ. ಹಳೇದರ ಬೋರ್ (ಸಿಲಿಂಡರಿನ ವ್ಯಾಸ) 76.5 ಮಿಮೀ, ಸ್ಟ್ರೋಕ್ (ಪಿಸ್ಟನ್ ಚಲಿಸೋ ದೂರ) 75.6, ಹೊಸದರಲ್ಲಿ 74.5 ಮತ್ತು 80. ಎರಕದ ಕಬ್ಬಿಣದ ಬ್ಲಾಕ್ ಹೋಗಿ ಅಲ್ಯೂಮಿನಿಯಂ ಬಂತು. ಶಕ್ತಿ ಜೆಟ್ಟಾದ್ದು 122 ಪಿಎಸ್, ಆಕ್ಟೇವಿಯಾದ್ದು 140. ಗಾಡಿ ಯಾವ ವರ್ಷದ್ದು ಅಂತ ನೋಡಿ ತೀರ್ಮಾನಕ್ಕೆ ಬರಬೇಡಿ. ನಮ್ಮಲ್ಲಿ ಎರಡೂ ಒಂದೇ ಕಾಲಕ್ಕೆ ಮಾರಾಟವಾಗಿವೆ.

ಉತ್ತರ 2: ಆರ್‌ಸಿ ಕೈಗೆ ಸಿಗದಿದ್ರೆ ಕಣ್ಣಲ್ಲೇ ನೋಡಬಹುದು. ನಮ್ಮ ಮೆಕ್ಯಾನಿಕ್ ಶೆಡ್‌ನಲ್ಲಿ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದ್ದೆ. ಹಳೇದರಲ್ಲಿ ಟರ್ಬೊ ಮುಂದೆ, ರೇಡಿಯೇಟರ್ ಕಡೆಗಿತ್ತು. ಹೊಸದರಲ್ಲಿ ಮುಂದೆ ಕಾಣೋದು ಇನ್‌ಟೇಕ್ ಮ್ಯಾನಿಫೋಲ್ಡ್, ಅಂದ್ರೆ ಇಂಜಿನ್‌ಗೆ ಗಾಳಿ ಒಯ್ಯೋ ಕೊಳವೆಗಳು. ಟರ್ಬೊ ಹಿಂದೆ ಫೈರ್‌ವಾಲ್ (ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಕಡೆ, ಇಂಜಿನ್ ಪೂರ್ತಿ 12 ಡಿಗ್ರಿ ಹಿಂದಕ್ಕೆ ವಾಲಿಕೊಂಡಿರುತ್ತೆ. ಆಮೇಲೆ ಡ್ರೈವರ್ ಬದಿಗೆ ಬಂದು ಟೈಮಿಂಗ್ ಕವರ್ ಮುಟ್ಟಿ ನೋಡಿ. ಚೈನ್ ಆಯಿಲ್‌ನಲ್ಲಿ ಓಡುತ್ತೆ, ಹಾಗಾಗಿ ಸೋರದ ಹಾಗೆ ಲೋಹದ ಕವರ್ ಬಿಗಿದಿರ್ತಾರೆ. ಬೆಲ್ಟ್ ಒಣದು, ಅದಕ್ಕೆ ಪ್ಲಾಸ್ಟಿಕ್ ಮುಚ್ಚಳ ಸಾಕು. ಮುಟ್ಟಿದ್ರೆ ಕೈಗೇ ಗೊತ್ತಾಗುತ್ತೆ.

ಚೈನ್ ಗಾಡಿ ಆದ್ರೆ ಬೆಳಿಗ್ಗೆನೇ ಹೋಗಿ. ರಾತ್ರಿಯಿಡೀ ನಿಂತ ಇಂಜಿನ್ನನ್ನ ನೀವೇ ಸ್ಟಾರ್ಟ್ ಮಾಡಬೇಕು. ಟೆನ್ಷನರ್ ಆಯಿಲ್ ಪ್ರೆಶರ್ ಮೇಲೆ ಚೈನ್ ಬಿಗಿ ಹಿಡಿಯೋದು. ಅದು ಸೋತಿದ್ರೆ ಅಥವಾ ಚೈನ್ ಹಿಗ್ಗಿದ್ರೆ, ಮೊದಲ ಕೆಲವು ಸೆಕೆಂಡ್ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಗಲಗಲ ಅನ್ನುತ್ತೆ, ಆಮೇಲೆ ಸುಮ್ಮನಾಗುತ್ತೆ. ನೀವು ಹೋಗೋಷ್ಟರಲ್ಲಿ ಬಾನೆಟ್ ಬಿಸಿಯಿದ್ರೆ ಇನ್ನೊಂದು ದಿನ ಬರ್ತೀನಿ ಅಂತ ಹೇಳಿ ಬನ್ನಿ.

ಉತ್ತರ 3: ಬಿಡಿಭಾಗ ತರುವಾಗಲೂ ಈ ವ್ಯತ್ಯಾಸ ಬೇಕು. ನಮ್ಮಣ್ಣ "1.4 ಟಿಎಸ್‌ಐ ವಾಟರ್ ಪಂಪ್ ಕೊಡಿ" ಅಂದಿದ್ದಕ್ಕೆ ಅಂಗಡಿಯವರು ಇನ್ನೊಂದು ಪೀಳಿಗೆಯದ್ದು ಕೊಟ್ಟು, ಗಾಡಿ ಎರಡು ದಿನ ಬಿಚ್ಚಿಕೊಂಡೇ ನಿಂತಿತ್ತು. ಹೊಸದರಲ್ಲಿ ಪಂಪ್ ಗೇರ್‌ಬಾಕ್ಸ್ ಕಡೆ ಇದೆ, ಕ್ಯಾಮ್‌ಶಾಫ್ಟ್‌ನಿಂದ (ವಾಲ್ವ್ ತೆರೆಯೋ ದಂಡ) ತನ್ನದೇ ಚಿಕ್ಕ ಬೆಲ್ಟ್‌ನಲ್ಲಿ ತಿರುಗುತ್ತೆ. ಅದರ ಸುತ್ತ ಕೂಲಂಟ್ ಒಣಗಿದ ಕಲೆ ಇದೆಯಾ ಅಂತ ಟಾರ್ಚ್ ಹಾಕಿ ನೋಡಿ. ಅಲ್ಲಿ ಸೋರೋದು ಈ ಇಂಜಿನ್ನಿನ ಗೊತ್ತಿರೋ ತೊಂದರೆ. ಪಾರ್ಟ್ ಕೇಳುವಾಗ ಇಂಜಿನ್ ನಂಬರಿನ ಮೊದಲ ಅಕ್ಷರಗಳನ್ನೂ ಹೇಳಿ. ಸಿಎಎಕ್ಸ್ ಅಂದ್ರೆ ಇಎ111, ಸಿಎಚ್‌ಪಿ ಅಂದ್ರೆ ಇಎ211.

ಉತ್ತರ 4: 1.8 ಟಿಎಸ್‌ಐಗೆ ಈ ಸಿಸಿ ಲೆಕ್ಕ ನಡೆಯಲ್ಲ. ಹಳೇ ಸ್ಕೋಡಾ ಲಾರಾದ್ದೂ 1798, ಆಮೇಲೆ ಬಂದ ಆಕ್ಟೇವಿಯಾದ್ದೂ 1798, ಎರಡಕ್ಕೂ ಚೈನೇ. ಅಲ್ಲಿ 160 ಪಿಎಸ್ಸಾ (ಹಳೇದು) 180 ಪಿಎಸ್ಸಾ (ಹೊಸದು) ಅಂತ ನೋಡಬೇಕು.

ಪ್ರಶ್ನೆ ಕೇಳಿದವರು: ಆರ್‌ಸಿ ಫೋಟೊ ತರಿಸ್ಕೊಂಡೆ. ಜೆಟ್ಟಾ 1390, ಆಕ್ಟೇವಿಯಾ 1395. ಭಾನುವಾರ ಬೆಳಿಗ್ಗೆ ಆರೂವರೆಗೆ ಬರ್ತೀನಿ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮಾಲೀಕರಿಗೆ ಹೇಳಿದ್ದೀನಿ.