ಕಾಡು ಭತ್ತ: ಭಾನುವಾರ ಎಲ್ಲರೂ ಕುಡುಗೋಲು ತನ್ನಿ

ನಾಲೆ ಕೊನೆ ಗದ್ದೆ: ನಮಸ್ಕಾರ. ಬೆಳಗ್ಗೆ ಬದುವಿನ ಮೇಲೆ ನಿಂತು ನೋಡಿದೆ. ನಮ್ಮ ಸೋನಾ ಮಸೂರಿಗಿಂತ ಒಂದು ಗೇಣು ಎತ್ತರಕ್ಕೆ ಕಾಡು ಭತ್ತದ ಕಳೆ ತಲೆ ಎತ್ತಿದೆ. ಒಂದು ತೆನೆ ಹಿಡಿದೆ, ಕಾಳು ಅಂಗೈಗೇ ಉದುರಿತು. ನಮ್ಮದಿನ್ನೂ ಹಾಲುಗಾಳು! ಸಿಪ್ಪೆ ಸುಲಿದರೆ ಒಳಗೆ ಕೆಂಪಕ್ಕಿ. ಮಿಲ್ಲಿನವರು ಇದನ್ನು ಕಂಡರೆ ರೇಟು ಇಳಿಸುತ್ತಾರೆ. ನಾನೊಬ್ಬನೇ ಕಿತ್ತರೆ ಸಾಲದು, ಅದಕ್ಕೇ ಇಲ್ಲಿ ಹಾಕಿದ್ದೇನೆ.

ಗುಡಿ ಹಿಂದಿನ ಮನೆ: ಬಿಸ್ಪೈರಿಬ್ಯಾಕ್ ಕಳೆನಾಶಕ ಹೊಡೆದರೆ ಆಗಲ್ವಾ?

ನಾಲೆ ಕೊನೆ ಗದ್ದೆ: ಆಗಲ್ಲ. ಇದೂ ಭತ್ತವೇ, ಅದೇ ಜಾತಿ. ಭತ್ತಕ್ಕೆ ಏನೂ ಆಗದ ಔಷಧಿ ಇದಕ್ಕೂ ಏನೂ ಮಾಡಲ್ಲ.

ಮೇಲಿನ ಓಣಿ: ಔಷಧಿ ತಡೆಯುವ ತಳಿ ಬಂದಿದೆಯಂತಲ್ಲ?

ನಾಲೆ ಕೊನೆ ಗದ್ದೆ: 2021ರಲ್ಲಿ ದೆಹಲಿಯ ಪೂಸಾ ಕೃಷಿ ಸಂಸ್ಥೆ ಪೂಸಾ ಬಾಸ್ಮತಿ 1979, ಪೂಸಾ ಬಾಸ್ಮತಿ 1985 ಅಂತ ಎರಡು ತಳಿ ಬಿಟ್ಟಿತು. ಇಮಾಜೆಥಾಪೈರ್ ಅನ್ನೋ ಕಳೆನಾಶಕ ಹೊಡೆದರೂ ತಡೆಯುತ್ತವೆ. ಆದರೆ ಅವು ಬಾಸ್ಮತಿ, ನಮ್ಮ ಸೋನಾ ಮಸೂರಿ ಅಲ್ಲ. ಅಮೆರಿಕದಲ್ಲಿ 2002ರಿಂದ ಇಂಥದ್ದೇ ತಳಿ ಬೆಳೆದರು. ಪರಾಗ ಹಾರಿ ಕಾಡು ಭತ್ತವೂ ಔಷಧಿಗೆ ಬಗ್ಗದಾಯಿತು.

ಕೆರೆ ಓಣಿ: ನಾಟಿ ಬಿಟ್ಟು ಕೂರಿಗೆ ಹಿಡಿದಿದ್ದೇ ತಪ್ಪು. ನಾಟಿ ಗದ್ದೆಯಲ್ಲಿ ಕೆಸರು ಮಾಡಿ ನೀರು ನಿಲ್ಲಿಸಿದರೆ ಕಾಡು ಭತ್ತ ಅಷ್ಟು ಮೊಳೆಯುತ್ತಿರಲಿಲ್ಲ. ಸಾಲು ತಪ್ಪಿ ಬಂದದ್ದೂ ಥಟ್ಟನೆ ಕಾಣುತ್ತಿತ್ತು.

ಮೇಲಿನ ಓಣಿ: ನಾಟಿಗೆ ಆಳು ಎಲ್ಲಿದ್ದಾರೆ? ನಾಲೆಗೆ ನೀರು ಬರುವ ಹೊತ್ತಿಗೆ ಸೀಸನ್ನೇ ಮುಗಿದಿರುತ್ತೆ. ಬೀಜವೇ ಬೆರಕೆ ಬಂದಿತ್ತು, ನನಗಂತೂ ಅದೇ ಅನುಮಾನ. ಕಳೆದ ಸಲ ಕೊಯ್ಲಿನ ಮಷಿನ್ ಒಂದು ಗದ್ದೆಯಿಂದ ಇನ್ನೊಂದಕ್ಕೆ ಹಾಗೇ ಇಳಿಯಿತಲ್ಲ, ಅದೂ ಸ್ವಲ್ಪ ತಂದಿರಬೇಕು.

ನಾಲೆ ಕೊನೆ ಗದ್ದೆ: ಎರಡೂ ಇರಬಹುದು. ಈ ಸಲ ಮಷಿನ್ ಗದ್ದೆಗೆ ಇಳಿಯುವ ಮುಂಚೆ ಬದುವಿನಲ್ಲೇ ಕಾಳು ಉದುರಿಸಿ ತೊಳೆಯಲಿ. ಒಪ್ಪದಿದ್ದರೆ ಬೇರೆ ಮಷಿನ್ ಕರೆಯೋಣ. ಮುಂದಿನ ಬಿತ್ತನೆಗೆ ಮುಂಚೆ ಒಂದು ಸಲ ನೀರು ಬಿಟ್ಟು, ಮೊಳೆತದ್ದನ್ನು ಮೇಲುಮೇಲೆ ಹರಗಿ ಸಾಯಿಸೋಣ. ಆಳವಾಗಿ ಉಳಬೇಡಿ, ಬೀಜ ಕೆಳಗೆ ಹೋಗಿ ವರ್ಷಗಟ್ಟಲೆ ಸುಮ್ನೆ ಮಲಗಿರುತ್ತೆ.

ಈಗಿನ ಕೆಲಸ ತೆನೆ ಕೊಯ್ಯುವುದು. ಭಾನುವಾರ ಆರಕ್ಕೆ ನಾಲೆ ತೂಬಿನ ಹತ್ತಿರ ಬನ್ನಿ. ಇಬ್ಬನಿ ಇರುವಾಗ ಕಾಳು ಕಡಿಮೆ ಉದುರುತ್ತೆ. ಕೊಯ್ದ ತೆನೆ ಬದುವಿನ ಮೇಲೆ ಎಸೆಯಬೇಡಿ, ಚೀಲಕ್ಕೆ ಹಾಕಿ. ಆಮೇಲೆ ಸುಡೋಣ.

ಗುಡಿ ಹಿಂದಿನ ಮನೆ: ನಮ್ಮ ಮನೆಯಿಂದ ಇಬ್ಬರು. ಕುಡುಗೋಲು ಒಂದೇ ಇದೆ.

ಕೆರೆ ಓಣಿ: ನಾನು ಎರಡು ತರುತ್ತೇನೆ. ಚಹಾ ಯಾರದು?