‘ಪುಟ್ ಅಪ್ ವಿತ್’ ಅಂದದ್ದಕ್ಕೆ ಇಂಟರ್‌ವ್ಯೂನಲ್ಲಿ ನಕ್ಕರು, ಯಾಕೆ?

ಪ್ರಶ್ನೆ: ಮೇಡಂ, ನಾನು ಕುಂದಾಪುರ ಕಡೆಯವ. ಕೆಲಸ ಹುಡುಕಲಿಕ್ಕೆ ಮಂಗಳೂರಿಗೆ ಬಂದು, ಕದ್ರಿಯಲ್ಲಿ ಸೋದರಮಾವನ ಮನೆಯಲ್ಲಿದ್ದೇನೆ. ಮೊನ್ನೆ ಒಂದು ಇಂಟರ್‌ವ್ಯೂನಲ್ಲಿ ‘ವೇರ್ ಆರ್ ಯು ಪುಟ್ ಅಪ್?’ ಅಂತ ಕೇಳಿದರು. ‘ಐ ಆಮ್ ಪುಟಿಂಗ್ ಅಪ್ ವಿತ್ ಮೈ ಅಂಕಲ್’ ಅಂದೆ. ‘ಅಂಕಲ್ ಅಷ್ಟು ಜೋರಾ?’ ಅಂತ ನಕ್ಕರು. ನಾನು ಹೇಳಿದ್ದರಲ್ಲಿ ತಪ್ಪೇನು?

ಉತ್ತರ (ಇಂಗ್ಲಿಷ್ ಟೀಚರ್): ವ್ಯಾಕರಣ ಸರಿಯೇ ಇದೆ ಮಾರಾಯ್ರೆ. ಆದರೆ ಅವರ ಕಿವಿಗೆ ಬಿದ್ದದ್ದು ‘ಮಾವನ ಕಾಟ ತಡೆದುಕೊಂಡಿದ್ದೇನೆ’ ಅಂತ!

‘ಪುಟ್ ಅಪ್’ಗೆ ಉಳಿದುಕೊಳ್ಳುವ ಅರ್ಥ ಇದೆ. ಆದರೆ ಹಿಂದೆ ‘ವಿತ್’ ಸೇರಿದರೆ ಮೊದಲು ಹೊಳೆಯುವುದು ಸಹಿಸಿಕೊಳ್ಳುವ ಅರ್ಥ. ನಮ್ಮಲ್ಲೂ ಹೀಗೇ ಅಲ್ವಾ? ‘ತಡೆ’ ಅಂದರೆ ನಿಲ್ಲಿಸು, ‘ತಡೆದುಕೋ’ ಅಂದರೆ ಸಹಿಸು. ಬಾಲ ಬದಲಾದರೆ ಮಾತೇ ಬೇರೆ.

ಏಪ್ರಿಲ್‌ನ ಸೆಕೆ, ಪಕ್ಕದ ಮನೆಯ ನಾಯಿ, ಬಸ್ಸಿನ ಹಾರ್ನ್: ಇಂಥ ದಿನನಿತ್ಯದ ಕಿರಿಕಿರಿಗೆ ಇದು ಚೆನ್ನಾಗಿ ಹೊಂದುತ್ತದೆ. ‘ಐ ಕಾಂಟ್ ಪುಟ್ ಅಪ್ ವಿತ್ ದಿಸ್ ಹೀಟ್.’ ದೊಡ್ಡ ದುಃಖಕ್ಕೆ ಬಳಸಿದರೆ ಮಾತು ಹಗುರಾಗುತ್ತದೆ.

ಶಬ್ದ ಕೂರುವ ಜಾಗವನ್ನೂ ನೋಡಿ. ‘ಮೈ ಅಂಕಲ್ ಪುಟ್ ಮಿ ಅಪ್’ ಅಂದರೆ ಮಾವ ನನ್ನನ್ನು ಮನೆಯಲ್ಲಿ ಇಟ್ಟುಕೊಂಡರು. ಇಲ್ಲಿ ‘ಮಿ’ ನಡುವೆ ಬಂತು. ‘ಮೈ ಅಂಕಲ್ ಪುಟ್ಸ್ ಅಪ್ ವಿತ್ ಮಿ’ ಅಂದರೆ ಮಾವ ನನ್ನನ್ನು ಸಹಿಸಿಕೊಂಡಿದ್ದಾರೆ. ಇಲ್ಲಿ ‘ಮಿ’ ಯಾವಾಗಲೂ ಕೊನೆಗೇ. ‘ಪುಟ್ ಮಿ ಅಪ್ ವಿತ್’ ಅನ್ನುವ ಹಾಗಿಲ್ಲ.

ಮುಂದಿನ ಸಲ ಸುಮ್ನೆ ‘ಐ ಆಮ್ ಸ್ಟೇಯಿಂಗ್ ವಿತ್ ಮೈ ಅಂಕಲ್ ಇನ್ ಕದ್ರಿ’ ಅನ್ನಿ.

ಇನ್ನೊಬ್ಬರು: ನಮ್ಮ ಆಫೀಸಲ್ಲಿ ‘ಫೈಲ್ ಪುಟ್ ಅಪ್ ಮಾಡಿ’ ಅಂತಾರಲ್ಲ, ಅದು?

ಉತ್ತರ: ಅದು ನಮ್ಮ ದೇಶದ ಕಚೇರಿಗಳ ಇಂಗ್ಲಿಷ್. ಕಡತ ಮಂಡಿಸಿ ಅಂತ ಅರ್ಥ. ಒಳಗಿನ ಟಿಪ್ಪಣಿಗೆ ಧಾರಾಳವಾಗಿ ಬಳಸಿ. ವಿದೇಶದ ಕ್ಲೈಂಟ್‌ಗೆ ಬರೆಯುವಾಗ ಮಾತ್ರ ‘ಸಬ್ಮಿಟ್’ ಅಂತ ಹಾಕಿ. ಇಲ್ಲದಿದ್ದರೆ ಫೈಲನ್ನು ಗೋಡೆಗೆ ಅಂಟಿಸಲಿಕ್ಕೆ ಹೇಳಿದ್ದೀರಿ ಅಂದುಕೊಂಡಾರು. ‘ಪುಟ್ ಅಪ್ ಎ ಪೋಸ್ಟರ್’ ಅಂದರೆ ಅದೇ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಮಾವನಿಗೆ ಓದಿ ಹೇಳಿದೆ. ‘ಎರಡನೇ ಅರ್ಥವೇ ಸರಿ, ನಿನ್ನನ್ನು ಸಹಿಸಿಕೊಂಡಿರುವವನು ನಾನು’ ಅಂದರು.